ಅಕ್ಕ ಮುಚ್ಚಿದ ಹಗೇವು

ಹೋದ ಬೇಸಿಗೆಯಲ್ಲಿ ಹಳೇಕೋಟೆಗೆ ಹೋಗಿದ್ದೆ. ಅಕ್ಕನ ಮಗಳು ತಾಯಮ್ಮ ಹಳೆಯ ಮನೆಯ ಅಂಗಳಕ್ಕೆ ಗಾರೆ ಹಾಕಿಸುತ್ತಿದ್ದಳು. ಮೂಲೆಯಲ್ಲಿದ್ದ ಹಗೇವಿಗೆ ಮಣ್ಣು ತುಂಬಿಸಿ ಸಮ ಮಾಡಿಸಬೇಕು, ನೆಲದೊಳಗೆ ಗುಂಡಿ ತೋಡಿ ರಾಗಿ ಇಡುವ ಕಾಲ ಮುಗಿಯಿತು ಎಂದು ಅವಳ ತೀರ್ಮಾನ. ಆಳುಗಳು ಬಾಯಿಯ ಮೇಲಿನ ಚಪ್ಪಡಿ ಎತ್ತಿದರು. ಒಳಗೆ ಒಂದು ಕಾಳೂ ಇರಲಿಲ್ಲ. ವಾಸನೆ ಮಾತ್ರ ಇತ್ತು. ಹಳೆಯ ಹುಲ್ಲು, ಬೆಚ್ಚಗಿನ ಮಣ್ಣು, ತುಸು ಹುಳಿ ಹಿಡಿದ ರಾಗಿ ಎಲ್ಲ ಬೆರೆತ ವಾಸನೆ.

"ಥೂ, ಏನ್ ನಾತ ಚಿಕ್ಕವ್ವ! ಇತ್ಲಾಗ್ ಬಾ" ಎಂದು ತಾಯಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ನಾನು ಅಲ್ಲೇ ನಿಂತಿದ್ದೆ. ಅಕ್ಕ ಸತ್ತ ವರ್ಷದ ಸುಗ್ಗಿ ಆ ಗುಂಡಿಯಿಂದ ಎದ್ದು ಬಂದಂತಾಯಿತು.

ನನ್ನ ಹೆಸರು ಸಾಕಮ್ಮ. ಒಂದರ ಮೇಲೊಂದು ಹೆಣ್ಣು ಹುಟ್ಟಿದರೆ ಕೊನೆಯವಳಿಗೆ ಈ ಹೆಸರಿಟ್ಟು ದೇವರಿಗೆ ಸೂಚನೆ ಕೊಡುವುದು ನಮ್ಮ ಕಡೆಯ ಪದ್ಧತಿ. ದೇವರು ಸೂಚನೆಯನ್ನು ಅತಿಯಾಗಿ ಪಾಲಿಸಿದ. ನನ್ನ ನಂತರ ಯಾರೂ ಹುಟ್ಟಲಿಲ್ಲ, ನಡುವೆ ಹುಟ್ಟಿದವರು ಉಳಿಯಲಿಲ್ಲ. ಉಳಿದವರು ಎಲ್ಲರಿಗಿಂತ ಹಿರಿಯಳಾದ ಕೆಂಪಮ್ಮ, ಎಲ್ಲರಿಗಿಂತ ಕಿರಿಯಳಾದ ನಾನು. ಅಪ್ಪ ತೀರಿಕೊಂಡ ಮೇಲೆ ಅರಕಲಗೂಡಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವ್ವ ನನ್ನನ್ನು ಇಟ್ಟುಕೊಂಡು ಬೇಸಾಯ ಮಾಡಿಸುತ್ತಿದ್ದಳು. ಅಕ್ಕನನ್ನು ಹಳೇಕೋಟೆಯ ನಂಜೇಗೌಡರಿಗೆ ಕೊಟ್ಟಿದ್ದೆವು.

ಆಗ ಯುದ್ಧದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಹಳೇಕೋಟೆಯ ಆಳೊಬ್ಬ ಬಂದು, ಕೆಂಪಮ್ಮನಿಗೆ ಚಳಿಜ್ವರ ಬಂದು ಹೋಗಿಬಿಟ್ಟಳು ಎಂದ. ನಾನೂ ಅವ್ವನೂ ಹತ್ತಿದ ಬಸ್ಸು ಪ್ರತಿ ಏರಿನಲ್ಲೂ ನಿಂತಿತು. ಪ್ರತಿ ಸಲವೂ ಎಲ್ಲರೂ ಇಳಿದು ತಳ್ಳಬೇಕು. ಅವ್ವನೂ ಇಳಿದು ತಳ್ಳಿದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಬಸ್ಸು ತಳ್ಳುವುದಕ್ಕೇ ಮನೆಯಿಂದ ಹೊರಟವಳ ಹಾಗೆ ತಳ್ಳುತ್ತಿದ್ದಳು. ನಾವು ತಲುಪುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಜ್ವರದ ಹೆಣ, ಇಟ್ಟುಕೊಳ್ಳುವ ಹಾಗಿರಲಿಲ್ಲ ಎಂದರು. ಹೊಲದ ಬದುವಿನಲ್ಲಿ ಹಸಿ ಮಣ್ಣಿನ ಗುಡ್ಡೆ ತೋರಿಸಿದರು. ಅದನ್ನು ನೋಡಿ ನನಗೆ ಅಳು ಬರಲಿಲ್ಲ. ಮುಖ ಕಾಣದೆ ಅಳುವುದು ಹೇಗೋ ನನಗೆ ತಿಳಿಯಲಿಲ್ಲ. ಊರಿನ ಹೆಂಗಸರು ನನ್ನ ತಲೆ ಸವರಿ ಸವರಿ ಕಾದರು. ಕೊನೆಗೆ ಅವರೇ ನನ್ನ ಬದಲು ಅತ್ತು ಹೋದರು.

ಹಾಲುತುಪ್ಪ, ತಿಥಿ ಎಲ್ಲ ಆಯಿತು. ಅವ್ವ ಗಂಟು ಕಟ್ಟಿಕೊಂಡು ಹೊರಟಳು. ನನ್ನನ್ನು ಬಾಗಿಲ ಹತ್ತಿರ ಕರೆದು, ನನ್ನ ಮುಖ ನೋಡದೆ, "ಕುಯ್ಲು ಮುಗಿಯೋಗಂಟ ಇರು. ಅವಳ ಮನೆವಾರ್ತೆ ಎಲ್ಲಾ ಒಂದ್ ದಡ ಸೇರ್ಸ್ಬುಟ್ಟು ಬಾ" ಎಂದಳು. ಬಾ ಎಂದಳೋ, ಬರಬೇಡ ಎಂಬುದಕ್ಕೇ ಬಾ ಎಂದಳೋ, ಆ ದನಿಯಲ್ಲಿ ಗೊತ್ತಾಗಲಿಲ್ಲ. ಅಕ್ಕ ಸತ್ತ ಮನೆಗೆ ತಂಗಿಯನ್ನು ತುಂಬುವುದು ನಮ್ಮಲ್ಲಿ ಹೊಸದೇನಲ್ಲ. ಮದುವೆಯಾಗಬೇಕಾದ ವಯಸ್ಸು ನನ್ನದು, ಕೈಗೂಸು ಬಿಟ್ಟು ಹೋದ ಅಕ್ಕ, ಹೊಲ ತುಂಬ ಕೊಯ್ಲಿಗೆ ನಿಂತ ರಾಗಿ. ಊರಿನವರ ಲೆಕ್ಕಕ್ಕೆ ಇನ್ನೇನೂ ಬೇಕಿರಲಿಲ್ಲ.

ಮನೆವಾರ್ತೆ ಒಂದು ದಡ ಸೇರಿಸುವುದೆಂದರೆ ಏನೆಂದು ನನಗೆ ಆಮೇಲೆ ತಿಳಿಯಿತು. ಅಕ್ಕನ ಉಟ್ಟ ಸೀರೆಗಳನ್ನು ಪದ್ಧತಿಯಂತೆ ಮಡಿವಾಳರ ಮನೆಗೆ ಕೊಟ್ಟೆ. ಅಕ್ಕನಿಂದ ಎರವಲು ಪಡೆದವರೆಲ್ಲ ಒಬ್ಬೊಬ್ಬರಾಗಿ ಬಂದು ಜರಡಿ, ಒನಕೆ, ಮೊರಗಳನ್ನು ಜಗಲಿಯ ಮೇಲೆ ಇಟ್ಟು ಹೋದರು. ಅವಳು ಉಪ್ಪಿನಲ್ಲಿ ಹಾಕಿಟ್ಟ ನಿಂಬೆಕಾಯಿಗೆ ಖಾರ ಬೆರೆಸಿದೆ. ಕಾವಿಗೆ ಕೂರಿಸಿದ್ದ ಕೋಳಿ ಮರಿ ಮಾಡಿತು. ಹೆಪ್ಪಿನ ಗಡಿಗೆಯಲ್ಲಿ ಅವಳೇ ಹಾಕಿದ ಹೆಪ್ಪು ಇನ್ನೂ ಇತ್ತು. ಅದರಿಂದಲೇ ದಿನವೂ ಹಾಲು ಹೆಪ್ಪಾಗುತ್ತಿತ್ತು, ದಿನವೂ ಮಜ್ಜಿಗೆ ಕಡೆಯುತ್ತಿದ್ದೆ. ಒಂದರ ಹಿಂದೆ ಒಂದು ಕೆಲಸ. ಮಾಡುತ್ತಿರುವಾಗ ಏನೂ ಅನ್ನಿಸುತ್ತಿರಲಿಲ್ಲ, ಮುಗಿದಾಗಲೂ ಏನೂ ಅನ್ನಿಸುತ್ತಿರಲಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಉಂಡವರ ಮುಖ ನೋಡಿ ತಿಳಿದುಕೊಳ್ಳುತ್ತಿದ್ದೆ.

ಎಲ್ಲಕ್ಕಿಂತ ದೊಡ್ಡದು ಅಕ್ಕ ತೀರಿಸದೆ ಹೋದ ಮುಯ್ಯಿ. ಕಳೆ ಕೀಳುವಾಗ, ಕುಯ್ಯುವಾಗ ನಿನ್ನ ಹೊಲಕ್ಕೆ ನಾನು ಬಂದರೆ ನನ್ನ ಹೊಲಕ್ಕೆ ನೀನು ಬರಬೇಕು, ಕೂಲಿಯ ಮಾತಿಲ್ಲ. ಇದೇ ಮುಯ್ಯಾಳು. ಮಳೆಗಾಲದಲ್ಲಿ ನಮ್ಮ ಕಳೆಗೆ ಊರಿನ ಹೆಂಗಸರೆಲ್ಲ ಬಂದಿದ್ದರು. ಅಕ್ಕ ತಿರುಗಿ ಅವರ ಕುಯ್ಲಿಗೆ ಹೋಗಬೇಕಿತ್ತು. ಹಣ ಕೊಟ್ಟು ತೀರಿಸುವ ಹಾಗಿಲ್ಲ, ಗಂಡಸನ್ನು ಕಳಿಸುವ ಹಾಗಿಲ್ಲ. ಹೆಂಗಸಿನ ಮುಯ್ಯಿಗೆ ಆ ಮನೆಯ ಹೆಂಗಸೇ ಹೋಗಬೇಕು. ಪಕ್ಕದ ಮನೆಯ ಚೆನ್ನಮ್ಮ ಬಾಗಿಲಲ್ಲಿ ನಿಂತು, ಕೇಳಲೋ ಬೇಡವೋ ಎಂದು ಒದ್ದಾಡಿ, "ನಾಳೀಕ್ ನಮ್ಮೊಲ ಕುಯ್ಯೋದು ಕಣವ್ವ. ನೀ ಬರ್ದಿದ್ರೂ ನಂಗೇನ್ ಬೇಜಾರಿಲ್ಲ" ಎಂದಳು.

"ಬತ್ತೀನಿ ಬುಡಕ್ಕ" ಎಂದೆ.

ಮಾರ್ಗಶಿರದ ಮಂಜು. ಬೆಳಿಗ್ಗೆ ರಾಗಿ ತೆನೆ ಮುಟ್ಟಿದರೆ ಕೈ ಮರಗಟ್ಟುತ್ತಿತ್ತು. ಹೆಂಗಸರು ಸಾಲು ಹಿಡಿದು ಬಗ್ಗಿದರು. ಚೆನ್ನಮ್ಮನ ಎಡಗಡೆ ಅಕ್ಕನ ಸಾಲಂತೆ, ಯಾವಾಗಲೂ ಅಲ್ಲೇ ನಿಲ್ಲುತ್ತಿದ್ದಳಂತೆ. ನನ್ನನ್ನು ಅಲ್ಲೇ ನಿಲ್ಲಿಸಿದರು. ಕೈಯಲ್ಲಿದ್ದದ್ದು ಅವಳದೇ ಕುಡುಗೋಲು. ಬಿಸಿಲು ಏರಿ ಬದುವಿನ ಅವರೆಯ ಸೊಗಡು ಮೂಗಿಗೆ ಬರುವ ಹೊತ್ತಿಗೆ ಯಾರೋ ಆಚೆ ಸಾಲಿನಿಂದ, "ಲೇ ಕೆಂಪಿ, ಒಸಿ ನೀರ್ ಕೊಡಮ್ಮಿ" ಎಂದು ಕೂಗಿದರು.

"ಆ, ತಂದೆ ಇರು" ಎಂದು ನಾನು ಚೊಂಬು ಎತ್ತಿಕೊಂಡು ಹೋದೆ.

ಕೊಯ್ಯುತ್ತಿದ್ದ ಕೈಗಳೆಲ್ಲ ನಿಂತವು. ಕೂಗಿದವಳು ಬಾಯಿಗೆ ಸೆರಗು ಹಿಡಿದಳು. ಸತ್ತವಳ ಹೆಸರಿಗೆ ಓಗೊಟ್ಟಿದ್ದೇನೆಂದು ನನಗೆ ತಿಳಿದದ್ದು ಅವರ ಮುಖ ನೋಡಿದ ಮೇಲೆ. ಆಗಲೂ ಏನೂ ಅನ್ನಿಸಲಿಲ್ಲ. ನೀರು ಕೊಟ್ಟು ಬಂದು ಸಾಲು ಹಿಡಿದೆ. ಹೀಗೆ ಒಂದೊಂದೇ ಹೊಲಕ್ಕೆ ಹೋಗಿ ಅಕ್ಕನ ಮುಯ್ಯಿ ತೀರಿಸಿದೆ.

ಇಷ್ಟರಲ್ಲಿ ಮನೆಯಲ್ಲಿ ರಾಗಿ ಮುಗಿಯಿತು. ಕಾಳು ತುಂಬಿಡುವ ಮಣ್ಣಿನ ವಾಡೆಯ ತಳ ಗುಡಿಸಿ ಹಿಟ್ಟು ಮಾಡಿದ್ದೂ ಆಯಿತು. ಅಂಗಳದಲ್ಲಿ ಹಗೇವು ತುಂಬ ಹಿಂದಿನ ಸುಗ್ಗಿಯ ರಾಗಿ ಇದೆ, ಒಳಗೆ ನಾವು ಚೆನ್ನಮ್ಮನ ಮನೆಯ ಹಿಟ್ಟು ಇಸಿದುಕೊಂಡು ಮುದ್ದೆ ತೊಳಸುತ್ತಿದ್ದೇವೆ. ಭಾವನನ್ನು ಕೇಳಿದರೆ, "ಲೆವಿಯೋರು ಊರೂರ್ ಮ್ಯಾಲೆ ಬತ್ತಾವ್ರೆ. ಅಳೆದು ತಕ್ಕೊಂಡೋಯ್ತಾರೆ. ಅವ್ರು ಓಗ್ಲಿ, ತೆಗೆಯಾನ" ಎನ್ನುತ್ತಿದ್ದರು. ಸರ್ಕಾರಕ್ಕೆ ದವಸ ವಸೂಲಿ ಮಾಡುವ ಆ ಲೆವಿಯವರು ಹೊಳೆನರಸೀಪುರದಿಂದ ಬಂದರು, ಮನೆಮನೆ ನೋಡಿದರು, ಹೋದರು. ಹಗೇವು ತೆಗೆಯಲಿಲ್ಲ. ಹೊಸ ರಾಗಿ ಕಣಕ್ಕೆ ಬಂತು. ಹಳೆಯದನ್ನು ತೆಗೆಯದೆ ಹೊಸದನ್ನು ತುಂಬುವುದೆಲ್ಲಿ? ಆಗಲೂ ಭಾವ ಬೆಳಗಾಗೆದ್ದು ರೋಣಗಲ್ಲು ಹೂಡಿಕೊಂಡು ಕಣದ ಸುತ್ತ ಎತ್ತು ತಿರುಗಿಸುತ್ತಿದ್ದರೇ ಹೊರತು ಅಂಗಳದ ಆ ಮೂಲೆಗೆ ಕಾಲಿಡುತ್ತಿರಲಿಲ್ಲ.

ಭಾವ ಕೆಟ್ಟವರಲ್ಲ. ಈ ಮಾತನ್ನು ಇಲ್ಲೇ ಹೇಳಿಬಿಡಬೇಕು. ನನ್ನ ಕಡೆ ತಲೆ ಎತ್ತಿ ನೋಡಿದವರಲ್ಲ, ದನಿ ಏರಿಸಿದವರಲ್ಲ. ಉಣ್ಣುವಾಗ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುದ್ದೆಯ ತುತ್ತನ್ನು ಗೋಲಿಯಷ್ಟು ಮಾಡಿ ಬಾಯಿಗಿಡುತ್ತಿದ್ದರು. ಬೇಡ ಎನ್ನಲು ನನ್ನ ಹತ್ತಿರ ಕಾರಣವಿರಲಿಲ್ಲ. ಬೇಕು ಎನ್ನಲೂ ಇರಲಿಲ್ಲ.

ಭಾವನ ತಾಯಿ, ನಾನು ಅತ್ತೆ ಎಂದು ಕರೆಯುತ್ತಿದ್ದವರು, ಒಂದು ದಿನ ಒಲೆಯ ಮುಂದೆ ನನ್ನ ಪಕ್ಕ ಕುಳಿತು ಮಾತು ತೆಗೆದರು.

"ನೋಡು ಮಗ, ಬಲವಂತ ಇಲ್ಲ. ಆದ್ರೂ ಯೋಳ್ತೀನಿ ಕೇಳು. ಸತ್ತೋರಿಂದೆ ಸಾಯಕ್ಕಾಯ್ತದಾ? ನಾಳೆ ಬ್ಯಾರೆಯೋಳು ಬಂದ್ರೆ ಈ ಕೂಸ್ಗೆ ಮಲತಾಯಿ. ನೀನು ಒಡಹುಟ್ಟಿದೋಳು. ಹಗೇವು ನೀನೇ ತೆಗಿ, ಹೊಸ ರಾಗಿ ತುಂಬ್ಸಿ ನೀನೇ ಮುಚ್ಚು. ಮಾಘದಾಗೆ ನಿಮ್ಮವ್ವನ್ನ ಕರೆಸಿ ತಾಳಿ ಕಟ್ಟುಸ್ಬುಡ್ತೀನಿ."

ಆ ಮನೆಯ ರೂಢಿ ನನಗೆ ಗೊತ್ತಿತ್ತು. ಹಗೇವು ತುಂಬುವುದು ಗಂಡಸರ ಕೆಲಸ. ಬಾಯಿಗೆ ಚಪ್ಪಡಿ ಎಳೆದ ಮೇಲೆ ಕೆಮ್ಮಣ್ಣು ಸಗಣಿ ಕಲಸಿ ಮೆತ್ತಿ ಮುಚ್ಚುವವಳು ಮನೆಯೊಡತಿ. ಮಾರನೆಯ ವರ್ಷ ಅದನ್ನು ಒಡೆದು ತೆಗೆಯುವವಳೂ ಅವಳೇ. ಅತ್ತೆಯ ಕೈ ನಡುಗಲು ಶುರುವಾದ ವರ್ಷ ಅಕ್ಕನಿಂದ ಮುಚ್ಚಿಸಿ, ಬೀಗದ ಕೈ ಕೊಟ್ಟಿದ್ದರು. ಈಗ ಮುಚ್ಚಿದ ಕೈ ಇಲ್ಲ. ಇನ್ನೊಂದು ಕೈ ಮುಚ್ಚಿತೆಂದರೆ ತಾಳಿ ಕಟ್ಟುವುದು ಬರೀ ಶಾಸ್ತ್ರ, ಊರೆಲ್ಲ ಒಪ್ಪಿದ ಹಾಗೆ.

"ಆಗ್ಲಿ ಅತ್ತೆ" ಎಂದೆ. ಉಪ್ಪು ಹಾಕು ಎಂದರೂ ಹಾಗೇ ಹೇಳುತ್ತಿದ್ದೆ. ಅತ್ತೆ ನನ್ನ ಗಲ್ಲ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡರು. ಅದೇ ಸಂಜೆ ತಾಯಮ್ಮ, ಆಗಿನ್ನೂ ತೊದಲುವ ಕೂಸು, ನನ್ನ ಸೆರಗು ಜಗ್ಗಿ ಮೊದಲ ಸಲ "ಅವ್ವ" ಎಂದಳು. ಹೇಳಿಕೊಟ್ಟರೋ ತಾನೇ ಅಂದಳೋ ತಿಳಿಯದು. ಎತ್ತಿಕೊಂಡೆ.

ಹಗೇವು ತೆಗೆಯುವ ಬೆಳಿಗ್ಗೆ ಅಕ್ಕಪಕ್ಕದ ಹೆಂಗಸರು ಸುಮ್ಮನೆ ಬಂದವರ ಹಾಗೆ ಅಂಗಳದಲ್ಲಿ ಸೇರಿದರು. ಭಾವ ಬೇರೆ ದಾರಿಯಿಲ್ಲದೆ ಬಂದು ಗುದ್ದಲಿಯಲ್ಲಿ ಮೇಲಿನ ಮಣ್ಣು ಎಳೆದರು. ಅದರ ಕೆಳಗೆ ಗೆದ್ದಲು ಹತ್ತದಿರಲೆಂದು ಬೂದಿಯ ಪದರ. ಬೂದಿಯ ತನಕ ಬಂದವರು ಗುದ್ದಲಿ ಬಿಟ್ಟು ಆಚೆ ತಿರುಗಿ ನಿಂತರು. ಅತ್ತೆ ನನ್ನ ಹೆಗಲು ಮುಟ್ಟಿ ಮುಂದೆ ಕಳಿಸಿದರು. ನಾನು ಕುಕ್ಕರಗಾಲಲ್ಲಿ ಕುಳಿತು ಬೂದಿಯನ್ನು ಕೈಯಿಂದ ಸರಿಸಿದೆ.

ಒಣಗಿದ ಕೆಮ್ಮಣ್ಣಿನ ಮೇಲೆ ಅಕ್ಕನ ಕೈ ಇತ್ತು.

ಮೆತ್ತಿ ಮುಗಿಸಿದ ಮೇಲೆ ಅಂಗೈ ಒತ್ತುವುದು ರೂಢಿ, ನಾನು ಅದನ್ನು ಮರೆತೇ ಹೋಗಿದ್ದೆ. ಬೂದಿ ಅದನ್ನು ನಿನ್ನೆ ಒತ್ತಿದ ಹಾಗೆ ಕಾಪಾಡಿತ್ತು. ಐದು ಬೆರಳು. ಕಿರುಬೆರಳು ಹೊರಗಡೆಗೆ ಸೊಟ್ಟ. ಚಿಕ್ಕಂದಿನಲ್ಲಿ ಹುಣಸೆ ಮರದಿಂದ ಬಿದ್ದು ಮುರಿದುಕೊಂಡ ಬೆರಳು. ಅವ್ವನ ಏಟಿಗೆ ಹೆದರಿ ಹೇಳದೆ ಮುಚ್ಚಿಟ್ಟು, ಸೊಟ್ಟಗೇ ಕೂಡಿಕೊಂಡಿತ್ತು. ನಾನು ಬಾಲ್ಯದಲ್ಲಿ ಆ ಬೆರಳು ಹಿಡಿದುಕೊಂಡೇ ನಡೆಯುತ್ತಿದ್ದದ್ದು. ಹಿಡಿಯಲು ಕೊಕ್ಕೆಯ ಹಾಗೆ ಅನುಕೂಲವಾಗಿತ್ತು.

ಅದರ ಮೇಲೆ ನನ್ನ ಕೈ ಇಟ್ಟೆ. ಅಂಗೈ ಹೊಂದಿತು, ನಾಲ್ಕು ಬೆರಳು ಹೊಂದಿದವು. ಕಿರುಬೆರಳು ಹೊಂದಲಿಲ್ಲ. ಅಷ್ಟೇ. ಎಷ್ಟೋ ವಾರಗಳಿಂದ ಅವಳ ಕುಡುಗೋಲು ಹಿಡಿದು, ಅವಳ ಸಾಲಿನಲ್ಲಿ ನಿಂತು, ಅವಳ ಹೆಸರಿಗೆ ಓಗೊಟ್ಟವಳಿಗೆ ಆಗ ತಿಳಿಯಿತು, ಇವಳು ಬೇರೆ, ನಾನು ಬೇರೆ, ಇವಳು ಸತ್ತಿದ್ದಾಳೆ. ಎದೆಯಲ್ಲಿ ಏನೋ ಬಿಸಿ ನೀರು ಹೊಯ್ದ ಹಾಗಾಯಿತು.

ತಲೆ ಎತ್ತಿದರೆ ಭಾವ ನನ್ನ ಕೈಯನ್ನೇ ನೋಡುತ್ತಿದ್ದರು. ಕಣ್ಣು ಕೆಂಪಗಿತ್ತು. ಲೆವಿಯವರ ಭಯವೆಲ್ಲ ಬರೀ ನೆಪ. ಈ ಮನುಷ್ಯ ಇಷ್ಟು ದಿನ ಹಗೇವು ತೆಗೆಯದಿದ್ದದ್ದು ಯಾಕೆಂದು ಆಗ ಗೊತ್ತಾಯಿತು.

"ಒಡಿ ಮಗ" ಎಂದರು ಅತ್ತೆ.

"ಒಡೀತೀನಿ ಅತ್ತೆ" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಅಕ್ಕನ ಮುಯ್ಯಿ ಎಲ್ಲಾ ತೀರ್ಸಿವ್ನಿ. ಇದೂ ಅವಳು ಅರ್ಧ ಬುಟ್ಟೋದ ಕೆಲ್ಸನೇ. ತೆಗ್ದುಕೊಡ್ತೀನಿ. ಮುಚ್ಚಕ್ಕೆ ಮಾತ್ರ ನಾನಿರಕ್ಕಿಲ್ಲ."

ಅತ್ತೆ, "ಏನಂದೆ?" ಎಂದವರು, ಇನ್ನೊಮ್ಮೆ ಕೇಳಿಸಿಕೊಳ್ಳಲು ಇಷ್ಟವಿಲ್ಲದವರ ಹಾಗೆ ಭಾವನ ಕಡೆ ತಿರುಗಿ, "ನೋಡ್ಲಾ, ಏನಂತಾಳೆ ನೋಡ್ಲಾ ಇವ್ಳು! ಮನ್ನೆ ಆಗ್ಲಿ ಅಂದಿದ್ಲು" ಎಂದರು. ಯಾರೋ ಒಬ್ಬಾಕೆ, "ಊರಿಗೊಂದ್ ದಾರಿಯಾದ್ರೆ ಇವ್ಳಿಗೊಂದ್ ದಾರಿ" ಎಂದು ಗೊಣಗಿದಳು.

ಭಾವ ಬಿಟ್ಟಿದ್ದ ಗುದ್ದಲಿಯನ್ನು ಎತ್ತಿಕೊಂಡರು. ಆಮೇಲೆ, "ಬುಡವ್ವ. ಅವ್ಳು ಯೋಳ್ತಿರೋದು ಸರಿಯಾಗೇ ಅದೆ" ಎಂದರು. ಗುದ್ದಲಿ ನನ್ನ ಕೈಗೆ ಕೊಟ್ಟು ಮೆಲ್ಲಗೆ, "ಸಾಕಿ, ಆ ಕೈ ಮ್ಯಾಲೆ ಒಡೀಬ್ಯಾಡ. ಅಂಚಿಂದ ಬಾ" ಎಂದರು.

ಅಂಚಿನಿಂದಲೇ ಬಂದೆ. ಆದರೂ ಒಣ ಮಣ್ಣು ಎಷ್ಟು ಹೊತ್ತು ನಿಂತೀತು? ಚಪ್ಪಡಿ ಅಲುಗಿದಾಗ ಅಂಗೈ ನಡುವೆ ಬಿರುಕು ಬಿಟ್ಟು, ಹೆಂಟೆ ಹೆಂಟೆಯಾಗಿ ಉದುರಿತು. ಒಳಗಿನ ವಾಸನೆ ಎದ್ದು ಬಂತು.

ಕೆಟ್ಟ ಗಾಳಿ ಹೋಗಲೆಂದು ಹಗಲೆಲ್ಲ ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು ಆರುವುದಿಲ್ಲವೆಂದು ನೋಡಿ, ಮಾರನೆಯ ದಿನ ಭಾವ ಹಗ್ಗ ಹಿಡಿದು ಒಳಗಿಳಿದರು. ಕುಕ್ಕೆಗಟ್ಟಲೆ ರಾಗಿ ಮೇಲೆ ಬಂತು. ಒಂದು ಕಾಳೂ ಕೆಟ್ಟಿರಲಿಲ್ಲ, ಅಷ್ಟು ಚೆನ್ನಾಗಿ ಮುಚ್ಚಿದ್ದಳು. ಆ ರಾತ್ರಿ ಅದನ್ನೇ ಬೀಸಿ ಮುದ್ದೆ ಮಾಡಿದೆ. ಭಾವ ಉಂಡರು. ಅತ್ತೆ ನನ್ನ ಜೊತೆ ಮಾತಾಡಲಿಲ್ಲ, ಆದರೆ ಉಂಡರು.

ಹೊಸ ರಾಗಿ ತುಂಬಿದ ದಿನ ಭಾವ ತಾವೇ ಕೆಮ್ಮಣ್ಣು ಸಗಣಿ ಕಲಸಿದರು. ಸಗಣಿಗೆ ಕೈ ಹಾಕಿದ ಗಂಡಸನ್ನು ನೋಡಲು ಬೀದಿಯೇ ಬಂತು. "ನೀರ್ ಜಾಸ್ತಿಯಾಯ್ತು ಕಣಪ್ಪ! ಹಗೇವಿಗೆ ಸಾರು ಕಲಸ್ತಾವನೆ ನೋಡ್ರವ್ವ" ಎಂದು ಚೆನ್ನಮ್ಮ ನಕ್ಕಳು. ಭಾವನೂ ನಕ್ಕರು, ಆ ಮನೆಯಲ್ಲಿ ಅಕ್ಕ ಹೋದ ಮೇಲೆ ನಾನು ಕೇಳಿದ ಮೊದಲ ನಗು ಅದು. ಮೆತ್ತಿ ಮುಗಿಸಿದ ಮೇಲೆ ಕೈ ಒತ್ತುವ ಹೊತ್ತಿಗೆ ತಡೆದರು. ಸುತ್ತ ನೋಡಿ, ನನ್ನ ಸೊಂಟದ ಮೇಲಿದ್ದ ತಾಯಮ್ಮನನ್ನು ಎತ್ತಿಕೊಂಡು ಕೂತು, ಅವಳ ಪುಟ್ಟ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಮಣ್ಣಿಗೆ ಒತ್ತಿದರು.

"ಈ ಮನೆ ಎಣ್ಮಗಳು ಇವಳೇ" ಎಂದರು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದರು. ಕೂಸು ಕೆಸರಾದ ಅಂಗೈಯನ್ನು ನನ್ನ ಕಡೆ ಚಾಚಿ, "ಅವ್ವ, ತೊಳಿ" ಎಂದಿತು. ತೊಳೆದೆ. ಮಾರನೆಯ ದಿನ ಅದು ಏಳುವ ಮುಂಚೆ ಹೊರಟೆ. ಎದ್ದಿದ್ದರೆ ಹೊರಡಲು ಆಗುತ್ತಿತ್ತೋ ಇಲ್ಲವೋ ನಾನು ಹೇಳಲಾರೆ.

ಭಾವ ಬಸ್ಸಿನ ತನಕ ಬಂದು, ಹಗೇವಿನ ರಾಗಿಯ ಒಂದು ಗಂಟನ್ನು ಕೊಟ್ಟು, "ನಿಮ್ಮವ್ವನಿಗೆ ಕೊಡು" ಎಂದರು.

ದಾರಿಯುದ್ದಕ್ಕೂ ಅವ್ವನಿಗೆ ಏನು ಹೇಳಲಿ ಎಂದು ಯೋಚಿಸಿದೆ. ಬೈಯುತ್ತಾಳೆ, ಕೈಯ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾಳೆ, ಆ ತಬ್ಬಲಿ ಕೂಸನ್ನು ಬಿಟ್ಟು ಹೇಗೆ ಬಂದೆ ಎನ್ನುತ್ತಾಳೆ ಎಂದುಕೊಂಡಿದ್ದೆ. ಮನೆ ಸೇರಿದಾಗ ಅವ್ವ ಒಲೆಯ ಮುಂದೆ ಇದ್ದಳು. ಗಂಟು ಕೊಟ್ಟೆ. ಬಿಚ್ಚಿ, ಒಂದು ಹಿಡಿ ರಾಗಿ ತೆಗೆದು ಮೂಸಿದಳು.

"ಹಗೇವಿಂದು" ಎಂದಳು.

"ಊಂ."

"ಯಾರ್ ತೆಗುದ್ರು?"

"ನಾನೇ."

ಅವ್ವ ಆ ಹಿಡಿ ರಾಗಿಯನ್ನು ಹಾಗೇ ಹಿಡಿದುಕೊಂಡಿದ್ದಳು.

"ಮುಚ್ಚಿದ್ದು?"

"ನಾನಲ್ಲ ಕಣವ್ವ. ಭಾವ ಕೂಸಿನ ಕೈಲಿ ಮುಚ್ಚುಸುದ್ರು. ನಾನು ಬಂದ್ಬುಟ್ಟೆ."

ಅವ್ವ ರಾಗಿಯನ್ನು ಗಂಟಿಗೆ ಸುರಿದಳು. ಆಮೇಲೆ ಎರಡೂ ಕೈಗಳಲ್ಲಿ ನನ್ನ ಮುಖ ಹಿಡಿದು, ಕತ್ತಲಲ್ಲಿ ಗುರುತು ಹಚ್ಚುವವಳ ಹಾಗೆ ಹಣೆ, ಕಿವಿ, ಕೆನ್ನೆ ಎಲ್ಲ ಸವರಿದಳು.

"ಒಬ್ಳಾದ್ರೂ ವಾಪಸ್ ಬಂದ್ಯಲ್ಲಾ" ಎಂದಳು.

ಆಗ ನಾನು ಅತ್ತೆ. ಅವ್ವನೂ ಅತ್ತಳು. ಒಲೆಯ ಮೇಲಿನ ಎಸರು ಉಕ್ಕಿ ಬೆಂಕಿ ಆರುವವರೆಗೂ ಇಬ್ಬರೂ ಏಳಲಿಲ್ಲ.